ಬಾಗಿಲಿನ ಕಂದಾಯ

ನಮ್ಮ ಮನೆ ಮುಂದೆ ತಮಟೆ ಬಡಿಯಬೇಕೆಂದು ನಗರಸಭೆ ಹುಕುಂ ಮಾಡಿತು. ಬಡಿಯಬೇಕಾದವನು ನನ್ನ ಗಂಡ.

ಅವನಿಗೆ ಅದು ಹೊಸ ಕೆಲಸವೇನಲ್ಲ. ಮನೆ ಕಂದಾಯ ಕಟ್ಟದವರ ಗೇಟಿನ ಮುಂದೆ ನಿಂತು ತಮಟೆ ಬಡಿಯುವುದೇ ಅವನ ಉದ್ಯೋಗ. ಮಾನ ಬೀದಿಗೆ ಬಂದರೆ ಮನುಷ್ಯ ತಾನಾಗಿ ಓಡಿ ಬಂದು ಕಟ್ಟುತ್ತಾನೆ ಎಂಬುದು ನಗರಸಭೆಯ ನಂಬಿಕೆ. ಇನ್ನೊಬ್ಬರ ಮಾನ ಕಳೆಯಲು ನಮ್ಮಂಥವರೇ ಆಗಬೇಕು. ನಾವು ಹೋಗಿ ನಿಂತರೆ ಸಾಕು, ತಮಟೆಗೆ ಕೋಲು ತಾಕುವ ಮೊದಲೇ ಆ ಮನೆಯವರ ಅರ್ಧ ಮಾನ ಹೋಗಿರುತ್ತದೆ. ಆ ಅರ್ಧಕ್ಕೆ ಬೇರೆ ಕೂಲಿ ಕೊಡುವುದಿಲ್ಲ.

ದೊಡ್ಡ ಮನೆಗಳಲ್ಲಿ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಟೀವಿ ಜೋರು ಮಾಡುತ್ತಿದ್ದರು. ನಾಯಿ ಬಿಡುತ್ತಿದ್ದರು. ಒಮ್ಮೆ ಮಹಡಿಯಿಂದ ಅವನ ಮೈಮೇಲೆ ಬಕೆಟ್ಟು ನೀರು ಸುರಿದರು. ಅದು ಎಂಥ ನೀರೆಂದು ನಾನು ಅಂಗಿ ಒಗೆಯುವಾಗ ಗೊತ್ತಾಯಿತು. ಅವನು ಆ ಅಂಗಿಯಲ್ಲೇ ನಿಂತು ಬಡಿದಿದ್ದ. ಒಳಗಿದ್ದವರು ಯಾರಿಗೋ ಫೋನು ಮಾಡಿದರು, ಆ ಯಾರೋ ಆಫೀಸಿಗೆ ಫೋನು ಮಾಡಿದರು, ಆಫೀಸಿನವರು ಇವನಿಗೆ ಫೋನು ಮಾಡಿ "ಸಾಕು ಬಾರಯ್ಯ" ಅಂದರು. ದೊಡ್ಡ ಮನೆಗಳ ಕಥೆ ಹೀಗೇ ಮುಗಿಯುತ್ತಿತ್ತು.

ನಮ್ಮಂಥ ಗಲ್ಲಿಗಳಲ್ಲಿ ಹೀಗಲ್ಲ. ಇಲ್ಲಿ ಬೆಳಗ್ಗೆ ತಮಟೆ ಬಡಿದರೆ ಸಂಜೆ ಬಂದು ಬಾಗಿಲು ಬಿಚ್ಚಿಕೊಂಡು ಹೋಗುತ್ತಿದ್ದರು. ತಗಡಿನ ಬಾಗಿಲು, ಪ್ಲೈವುಡ್ಡಿನ ಬಾಗಿಲು, ಹಲಗೆ ಹೊಡೆದ ಬಾಗಿಲು. ಅವನ್ನೆಲ್ಲ ನಗರಸಭೆ ಆಫೀಸಿನ ಹಿಂದಿನ ಬಾಗಿಲಿಗೆ ಅಡ್ಡವಾಗಿ ಒಟ್ಟಿದ್ದರು. ರಾಶಿ ಬೆಳೆದು ಬೆಳೆದು ಆ ಹಿಂಬಾಗಿಲನ್ನು ಈಗ ತೆರೆಯಲಿಕ್ಕೇ ಆಗುವುದಿಲ್ಲ. ಅಷ್ಟು ಬಾಗಿಲುಗಳಲ್ಲಿ ಬಂಗಲೆಯ ಬಾಗಿಲು ಒಂದೂ ಇರಲಿಲ್ಲ.

ಚುನಾವಣೆ ಹತ್ತಿರವಾದಾಗ ನಗರಸಭೆಗೆ ಮನೆಯುಳ್ಳವರ ಮೇಲೆ ಕರುಣೆ ಉಕ್ಕಿತು. ಕಂದಾಯ ರಿಯಾಯಿತಿ ಕೊಡುವುದೆಂದು ತೀರ್ಮಾನವಾಯಿತು. ಸ್ವಂತ ಮನೆಯಲ್ಲಿ ತಾವೇ ವಾಸವಿರುವವರಿಗೆಲ್ಲ ಅರ್ಧ ಮಾಫಿ. ಒಂದೇ ಕೋಣೆಯ ಮನೆಯಾದರೆ ಬಾಕಿ ಸಮೇತ ಪೂರ್ತಿ ಮಾಫಿ. ಅದನ್ನು ಊರಿಗೆಲ್ಲ ಸಾರಿದವನೂ ನನ್ನ ಗಂಡನೇ. ಬೀದಿ ಬೀದಿ ಸುತ್ತಿ ಗಂಟಲು ಹರಿದುಕೊಂಡ. ಅವತ್ತು ಯಾರೂ ಕಿಟಕಿ ಮುಚ್ಚಲಿಲ್ಲವಂತೆ. ನೀರು ಸುರಿದ ಮನೆಯ ಮಹಡಿಯಿಂದಲೇ "ಸರಿಯಾಗಿ ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳಪ್ಪಾ" ಅಂದರಂತೆ. ಅಪ್ಪಾ ಅಂದರಂತೆ! ಅದನ್ನು ಅವನು ನನಗೆ ಎರಡು ಸಲ ಹೇಳಿದ.

ಕೊನೆಗೆ ಮನೆಗೆ ಬಂದು ಅತ್ತೆಯ ಮಂಚದ ಮುಂದೆ ನಿಂತು ಅದೇ ಧಾಟಿಯಲ್ಲಿ ಸಾರಿದ. ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಹುಟ್ಟಿದಾಗಿಂದ ನಿನ್ನ ಬಾಯಲ್ಲಿ ಒಂದು ಒಳ್ಳೆ ಮಾತು ಬಂದಿರ್ಲಿಲ್ಲ. ಇವತ್ತು ಏನು ಕುಡ್ಕೊಂಡು ಬಂದಿದೀಯ?"

"ಕುಡಿದಿಲ್ಲಮ್ಮ. ನಿಜವಾಗ್ಲೂ ಮಾಫಿ. ನಮ್ಮದು ಒಂದೇ ಕೋಣೆ ಅಲ್ವಾ?"

ಒಂದೇ ಕೋಣೆ. ಒಲೆ ಒಂದು ಮೂಲೆ, ಅತ್ತೆಯ ಮಂಚ ಒಂದು ಮೂಲೆ, ಬಚ್ಚಲ ಕಲ್ಲು ಒಂದು ಮೂಲೆ. ಉಳಿದ ಮೂಲೆಯಲ್ಲಿ ತಮಟೆ ಮತ್ತು ನನ್ನ ಹಾರೆ. ನಡುವೆ ನಾವಿಬ್ಬರು ಮಲಗುತ್ತೇವೆ. ಅತ್ತೆ ಹೊರಳಿದರೆ ನಮಗೆ ಎಚ್ಚರವಾಗುತ್ತದೆ, ನಾವು ಹೊರಳಿದರೆ ಅವಳಿಗೆ ಕೆಮ್ಮು ಬರುತ್ತದೆ. ಇದಕ್ಕಿಂತ ಒಂದೇ ಆದ ಕೋಣೆ ಎಲ್ಲೂ ಇರಲಾರದು.

ಆದರೆ ಆ ಕೋಣೆಗೆ ಒಂದು ಬಾಗಿಲಿತ್ತು. ಎಲ್ಲ ರಾಮಾಯಣಕ್ಕೂ ಅದೇ ಕಾರಣ.

ನನ್ನ ಕೆಲಸ ಮನೆ ಕೆಡವುವುದು. ಹಳೇ ಬಂಗಲೆ ಕೆಡವಿ ಅಂಗಡಿ ಸಾಲು ಕಟ್ಟುವವರಿಗೆ ನನ್ನಂಥವರು ಬೇಕು. ಹಾರೆ ಹಾಕಿ ಗೋಡೆ ಒಡೆಯುತ್ತೇನೆ. ಇಟ್ಟಿಗೆ ಹೊರುತ್ತೇನೆ. ಸುಣ್ಣದ ಧೂಳು ಕುಡಿಯುತ್ತೇನೆ. ಎದುರಿಗೆ ಅಕ್ಕ ಅಂತ ಕರೆಯುವವರೂ ಬೆನ್ನ ಹಿಂದೆ ಹಾರೆ ಅನ್ನುತ್ತಾರೆ. ಒಂದು ಬಂಗಲೆ ಕೆಡವಿದ ಮೇಲೆ ಮೇಸ್ತ್ರಿ ಕೂಲಿ ಕೊಡದೆ ಇವತ್ತು ನಾಳೆ ಅಂತ ಸತಾಯಿಸಿದ. ನಾನು ಹೋಗಿ ಅವನ ಗಾಡಿಯ ಮುಂದೆ ಕಾಲು ಚಾಚಿ ಕೂತೆ. ಏಳಿಸಲಾಗದೆ ಕೊನೆಗೆ ಬಂಗಲೆಯ ಮುಂಬಾಗಿಲು ತೋರಿಸಿ, "ಇದನ್ನ ಹೊತ್ಕೊಂಡು ಹೋಗು, ಸೌದೆಗಾಗುತ್ತೆ" ಅಂದ. ಹೊರಲು ಆಗುವುದಿಲ್ಲ, ಬಿಟ್ಟು ಹೋಗುತ್ತಾಳೆ ಎಂದು ಅವನ ಎಣಿಕೆ.

ಹೊತ್ತೆವು. ನಾನು ಮುಂದೆ, ಗಂಡ ಹಿಂದೆ. ಮೊದಲು ಬಾಗಿಲು, ಆಮೇಲೆ ಚೌಕಟ್ಟು. ತೇಗದ ಮರ, ಮೈತುಂಬ ಬಳ್ಳಿಯ ಕೆತ್ತನೆ, ನಡುವೆ ಬಾಯಲ್ಲಿ ಬಳೆ ಕಚ್ಚಿಕೊಂಡ ಹಿತ್ತಾಳೆ ಸಿಂಹ. ಹೆಗಲ ಚರ್ಮ ಸುಲಿದು ರವಿಕೆಗೆ ಅಂಟಿತು. ಮನೆಗೆ ಬಂದು ನೋಡಿದರೆ ಬಾಗಿಲು ನಮ್ಮ ಗೋಡೆಗಿಂತ ಎತ್ತರ. ಮುಂದಿನ ಗೋಡೆ ಏರಿಸಿ, ತಗಡಿನ ಮಾಡನ್ನು ಮೇಲೆತ್ತಿ ಕೂರಿಸಿದೆವು. ಗಲ್ಲಿಯವರೆಲ್ಲ ನೆರೆದು ನಕ್ಕರು. "ನೀವು ಮನೆಗೆ ಬಾಗಿಲು ಇಡ್ಲಿಲ್ಲ, ಬಾಗಿಲಿಗೆ ಒಂದು ಮನೆ ಇಟ್ರಿ" ಅಂದರು.

ನಗಲಿ. ಅದಕ್ಕೆ ಮೊದಲು ಅಲ್ಲಿ ಗೋಣಿತಾಟು ನೇತಾಡುತ್ತಿತ್ತು. ಮೈಮೇಲೆ ಸೀರೆ ಇಟ್ಟುಕೊಂಡೇ, ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡು ಮೀಯುತ್ತಿದ್ದೆ. ಗಾಳಿ ಬಂದರೆ ತಾಟು ಹಾರುತ್ತಿತ್ತು. ಗಲ್ಲಿಯಲ್ಲಿ ಹೋಗುವ ಗಂಡಸರಿಗೆ ಸರಿಯಾಗಿ ಅಲ್ಲಿಗೆ ಬಂದಾಗಲೇ ಚಪ್ಪಲಿ ಬಿಗಿ ಮಾಡಿಕೊಳ್ಳುವ ಕೆಲಸ ಬೀಳುತ್ತಿತ್ತು. ಬಾಗಿಲು ಕೂರಿಸಿದ ದಿನ ಅತ್ತೆಯನ್ನೂ ಗಂಡನನ್ನೂ ಹೊರಗೆ ಕಳಿಸಿ ಚಿಲಕ ಹಾಕಿಕೊಂಡೆ. ಮದುವೆಯಾಗಿ ಬಂದ ಮೇಲೆ ಮೊದಲ ಸಲ ಪೂರ್ತಿ ಸೀರೆ ಬಿಚ್ಚಿ ಮೈಗೆ ನೀರು ಸುರಿದುಕೊಂಡೆ. ನನ್ನ ಮೈಯ ಮೇಲೆ ಎಷ್ಟು ಗಾಯದ ಕಲೆಗಳಿವೆ ಎಂದು ಅವತ್ತೇ ನೋಡಿದ್ದು. ಅಳು ಬಂತು. ಅತ್ತೆ ಹೊರಗಿನಿಂದ ಬಾಗಿಲು ಬಡಿದು, "ಏನೇ, ಒಳಗೆ ಕೆರೆ ಸಿಕ್ತಾ?" ಎಂದು ಕೂಗಿದಳು. ಆಮೇಲೆ ತಾನೂ ಚಿಲಕ ಹಾಕಿಕೊಂಡು ಅಷ್ಟೇ ಹೊತ್ತು ಮಿಂದಳು.

ರಿಯಾಯಿತಿ ಕೊಡಲು ಮನೆ ಮನೆ ನೋಡಿ ಬರೆದುಕೊಳ್ಳುವ ಕೆಲಸ ಕಂದಾಯದ ಸಾಹೇಬರಿಗೆ ಬಿತ್ತು. ಅಳತೆಯ ಟೇಪನ್ನು ಯಾವಾಗಲೂ ಸೊಂಟಕ್ಕೆ ಸಿಕ್ಕಿಸಿಕೊಂಡಿರುವುದರಿಂದ ಊರಲ್ಲಿ ಅವರನ್ನು ಟೇಪು ಸಾಹೇಬರು ಅನ್ನುತ್ತಾರೆ. ಅವರು ಬರುತ್ತಿರುವುದು ಜನಕ್ಕೆ ತಿಳಿಯಲೆಂದು ನನ್ನ ಗಂಡ ಮುಂದೆ ಮುಂದೆ ತಮಟೆ ಬಡಿದುಕೊಂಡು ನಡೆಯಬೇಕು.

ಮೊದಲು ಸಿಮೆಂಟ್ ಸಾಹುಕಾರರ ಮನೆ. ಮೂರು ಮಹಡಿ. ಸಾಹೇಬರು ಒಳಗೆ ಹೋಗಿ ಸೋಫಾದಲ್ಲಿ ಕೂತರು. ಕಾಫಿ ಬಂತು, ಫ್ಯಾನು ತಿರುಗಿತು. ನನ್ನ ಗಂಡ ಗೇಟಿನ ಹೊರಗೆ ಬಿಸಿಲಲ್ಲಿ ನಿಂತು ಕಿಟಕಿಯಲ್ಲಿ ಎಲ್ಲ ನೋಡಿದ. ಸಾಹೇಬರು ಸೋಫಾದಿಂದ ಏಳಲೇ ಇಲ್ಲ. ಸೋಫಾ ಇದ್ದದ್ದು ಒಂದು ಕೋಣೆಯಲ್ಲಿ. ಆದ್ದರಿಂದ ಒಂದೇ ಕೋಣೆ ಎಂದು ಬರೆದುಕೊಂಡರು. ಪೂರ್ತಿ ಮಾಫಿ. ಕಣ್ಣಿಗೆ ಕಾಣದ್ದನ್ನು ಬರೆಯಬಾರದು ಎಂಬ ನಿಯತ್ತಿನ ಮನುಷ್ಯ ಅವರು.

ನಮ್ಮ ಗಲ್ಲಿಗೆ ಬರುವಾಗ ಮೂಗಿಗೆ ಕರ್ಚೀಫು ಬಂತು. ನಮ್ಮ ಮನೆಗೂ ರಸ್ತೆಗೂ ನಡುವೆ ಒಂದು ಚರಂಡಿ, ಅದರ ಮೇಲೆ ನಾನೇ ಹಾಕಿದ ಚಪ್ಪಡಿ. ಸಾಹೇಬರು ಚಪ್ಪಡಿಯ ಆಚೆಯೇ ನಿಂತರು. ತಲೆಯೆತ್ತಿ ಬಾಗಿಲು ನೋಡಿದರು. ಸಿಂಹ ಅವರನ್ನು ನೋಡಿತು.

"ಬನ್ನಿ ಸಾರ್, ಒಳಗೆ ಬನ್ನಿ" ಅಂದೆ.

"ಪರವಾಗಿಲ್ಲ, ಇಲ್ಲಿಂದ್ಲೇ ಕಾಣುತ್ತೆ."

"ಬಾಗಿಲು ಕಾಣುತ್ತೆ ಸಾರ್. ಮನೆ ಒಳಗಿದೆ."

"ಮಂಡಿನೋವಮ್ಮ ನನಗೆ. ಹೊಸ್ತಿಲು ಎತ್ತರ ಇದೆ, ಕಾಲೆತ್ತಿ ದಾಟೋಕಾಗಲ್ಲ."

"ನೀರಾದ್ರೂ ಕುಡೀರಿ."

"ಈಗ ತಾನೇ ಕುಡಿದೆ."

ಅತ್ತೆ ಒಳಗಿನಿಂದ, "ಯಾರೇ ಅದು? ಮಂಡಿನೋವಿಗೆ ನನ್ನ ಹತ್ರ ಎಣ್ಣೆ ಇದೆ, ಬಂದು ಹಚ್ಕೊಂಡು ಹೋಗೋಕೆ ಹೇಳು" ಅಂದಳು. ಸಾಹೇಬರಿಗೆ ಕೇಳಿಸಲಿಲ್ಲ. ಅವರು ಬರೆಯುತ್ತಿದ್ದರು. ತೇಗದ ಕೆತ್ತನೆ ಬಾಗಿಲು, ಹಿತ್ತಾಳೆ ಸಾಮಾನು, ಬಂಗಲೆ ದರ್ಜೆ.

ನನ್ನ ಗಂಡ ಆಫೀಸಿಗೆ ಹೋಗಿ ಕೈಮುಗಿದು ನಿಂತಾಗಲೇ ನಮಗೆ ಇದು ತಿಳಿದದ್ದು. ರಿಯಾಯಿತಿ ಹೋಯಿತು, ಹೋಗಲಿ. ಬಾಗಿಲು ಕೂರಿಸಿದ ವರ್ಷದಿಂದ ಬಂಗಲೆಯ ಕಂದಾಯ ಬಾಕಿ ಇದೆ ಎಂದು ಲೆಕ್ಕ ತೆಗೆದಿದ್ದರು. ನಾನು ಅಂಥ ಬಂಗಲೆ ಎಷ್ಟು ಕೆಡವಿದರೂ ಆ ದುಡ್ಡು ಹುಟ್ಟುವುದಿಲ್ಲ.

"ಸಾರ್, ಒಂದ್ಸಲ ಒಳಗೆ ಬಂದು ನೋಡಿ. ಹಿಂದಿನ ಗೋಡೆ ಹತ್ರ ನಿಂತ್ರೆ ತಲೆಗೆ ತಗಡು ತಾಗುತ್ತೆ" ಅಂದನಂತೆ ಗಂಡ.

"ನೋಡಿದೀನಲ್ಲಯ್ಯ. ಅಷ್ಟು ದೊಡ್ಡ ಬಾಗಿಲು ಇಟ್ಕೊಂಡು ಒಂದೇ ಕೋಣೆ ಅಂದ್ರೆ ಯಾರು ನಂಬ್ತಾರೆ?" ಅಂದರಂತೆ ಟೇಪು ಸಾಹೇಬರು. "ನಾಳೆ ಬೆಳಗ್ಗೆ ಆ ಬಾಗಿಲ ಮುಂದೆ ನಿಂತು ತಮಟೆ ಬಡಿ. ಸಂಜೆ ಒಳಗೆ ದುಡ್ಡು ಬರ್ಲಿಲ್ಲಾಂದ್ರೆ ಬಾಗಿಲು ಬಿಚ್ಚಿಸ್ತೀನಿ."

"ಅದು ನನ್ನ ಮನೆ ಸಾರ್!"

"ಆದ್ರೇನು? ಕಾನೂನಿಗೆ ನೆಂಟರಿಲ್ಲ. ಬಡೀದಿದ್ರೆ ನಾಳೆಯಿಂದ ಬರ್ಬೇಡ."

ಬೆಳಗಾಯಿತು. ಗಂಡ ಹೊರಗೆ ಒಂದು ಹಿಡಿ ಹುಲ್ಲು ಹೊತ್ತಿಸಿ ತಮಟೆ ಕಾಯಿಸತೊಡಗಿದ. ಚರ್ಮ ಬಿಸಿಯಾದರೆ ಸದ್ದು ಬಿಗಿಯಾಗುತ್ತದೆ. ಊರಿನವರ ಉಗುಳು, ನೀರು, ನಾಯಿ ಎಲ್ಲವನ್ನೂ ನುಂಗಿದ ಗಂಡಸು ನನ್ನ ಮುಖ ನೋಡಲಾರದೆ ಬೆಂಕಿ ನೋಡುತ್ತಿದ್ದ.

"ಬಡೀತೀಯಾ?" ಅಂದೆ.

"ಬಡೀದೆ ಏನ್ ಮಾಡ್ಲಿ? ಕೆಲ್ಸ ಹೋಗುತ್ತೆ."

"ಬಡಿದ್ರೆ ಬಾಗಿಲು ಹೋಗುತ್ತೆ."

"ಬಾಗಿಲು ಹೋದ್ರೆ ಗೋಣಿ ಕಟ್ಕೋಬಹುದು ಕಣೆ."

"ಗೋಣಿ ಹಿಂದೆ ಮೀಯೋಳು ನಾನು. ನೀನಲ್ಲ."

ಅವನು ಬೆಂಕಿಗೆ ಇನ್ನಷ್ಟು ಹುಲ್ಲು ತುರುಕಿದ. ನಮ್ಮ ಮನೆಗೆ ಕಾಲಿಡಲು ಒಲ್ಲದವರು ನಮ್ಮ ಮನೆಗೆ ಬೆಲೆ ಕಟ್ಟುತ್ತಾರೆ. ನಮ್ಮ ಮನೆಯ ನೀರು ಬೇಡ, ನಮ್ಮ ಮನೆಯ ದುಡ್ಡು ಬೇಕು. ನಮ್ಮ ಹೊಸ್ತಿಲು ಮೈಲಿಗೆ, ಹೊಸ್ತಿಲಿನ ಮೇಲಿರುವ ಬಾಗಿಲನ್ನು ಬಿಚ್ಚಿ ಆಫೀಸಿಗೆ ಒಯ್ದರೆ ಅದು ಸರ್ಕಾರಿ ಆಸ್ತಿ. ಇಷ್ಟು ದಿನ ಇದೆಲ್ಲ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಚಿಲಕ ಹಾಕಿಕೊಂಡು ಮಿಂದ ಮೇಲೆ ತಡೆದುಕೊಳ್ಳುವ ಶಕ್ತಿ ಹೋಗಿತ್ತು, ಅಷ್ಟೆ.

"ಸಾಹೇಬ್ರು ಎಲ್ಲಿ ನಿಂತು ಬಡಿ ಅಂದ್ರು? ಅವರಂದ ಹಾಗೇ ಹೇಳು."

"ಬಾಗಿಲ ಮುಂದೆ ನಿಂತು ಬಡಿ ಅಂದ್ರು."

"ಅವರ ಲೆಕ್ಕದಲ್ಲಿ ನಮ್ಮ ಮನೆ ಅಂದ್ರೆ ಈ ಬಾಗಿಲೇ ಅಲ್ವಾ? ಬಾಗಿಲು ಎಲ್ಲಿದ್ರೆ ಅಲ್ಲೇ ಮನೆ. ನೀನು ಅದರ ಮುಂದೇನೇ ಬಡಿ, ನಾನು ಬೇಡ ಅನ್ನಲ್ಲ. ಈಗ ಒಂದು ಕೈ ಹಿಡಿ."

ಹಾರೆ ತಂದೆ. ಬೇರೆಯವರ ಬಾಗಿಲು ಎಷ್ಟೋ ಕಿತ್ತಿದ್ದೇನೆ, ನನ್ನದನ್ನು ಕೀಳುವಾಗ ಕೈಗೆ ಬಲವೇ ಬರಲಿಲ್ಲ. ಚೌಕಟ್ಟಿನ ಪಕ್ಕ ಹಾರೆ ಇಟ್ಟು ಮೈಭಾರವೆಲ್ಲ ಹಾಕಿದೆ. ಗೋಡೆ ನರಳಿತು. ಅತ್ತೆ ಮಂಚದ ಮೇಲೆ ಎದ್ದು ಕೂತಳು. ಅಳುತ್ತಾಳೆ ಅಂದುಕೊಂಡೆ.

"ಸಿಂಹನ್ನ ಒರೆಸ್ಕೊಂಡು ಹೋಗಿ. ದೊಡ್ಡವರ ಮನೆಗೆ ಹೋಗ್ತಿದೆ" ಅಂದಳು.

ಈ ಸಲ ಬಾಗಿಲು, ಚೌಕಟ್ಟು, ಹೊಸ್ತಿಲು ಎಲ್ಲ ಒಟ್ಟಿಗೆ. ನಾವಿಬ್ಬರೇ ಅಲ್ಲ. ಗಲ್ಲಿಯ ಹೆಂಗಸರು ಬಂದು ಹೆಗಲು ಕೊಟ್ಟರು. ಬಾಗಿಲು ಕಳೆದುಕೊಂಡ ಹೆಂಗಸರು. ಒಬ್ಬಳು ಕಸ ಗುಡಿಸುವವಳು, ಒಬ್ಬಳು ಆಸ್ಪತ್ರೆಯ ಬಟ್ಟೆ ಒಗೆಯುವವಳು. ಯಾರೂ ಏನು ಎತ್ತ ಕೇಳಲಿಲ್ಲ. ಹಳೇ ಹುಣ್ಣಿನ ಜಾಗದಲ್ಲೇ ಮರ ಕೂತಿತು. ಬೆವರು ಕಣ್ಣಿಗಿಳಿಯಿತು. ಸಿಮೆಂಟ್ ಸಾಹುಕಾರರು ಗೇಟಿಗೆ ಬಂದು, "ಏನಮ್ಮಾ, ಬಾಗಿಲು ಮಾರೋದಾ?" ಎಂದು ಕೇಳಿದರು.

"ಇಲ್ಲ ಸಾಹುಕಾರ್ರೇ, ಮನೆ ಬದಲಾಯಿಸ್ತಿದೀವಿ" ಅಂದೆ.

ಆಫೀಸಿಗೆ ಎರಡು ಕದದ ಅಗಲವಾದ ಮುಂಬಾಗಿಲು. ಜವಾನ ಆಗಷ್ಟೇ ತೆರೆದಿದ್ದ. ಟೇಪು ಸಾಹೇಬರಿಗೂ ಮೇಲಿನ ದೊಡ್ಡ ಸಾಹೇಬರು ಬೇಗ ಬರುವವರು, ಆಗಲೇ ಒಳಗಿದ್ದರು. ನಮ್ಮ ಚೌಕಟ್ಟನ್ನು ಆ ಬಾಗಿಲಿನ ನಡುವೆ ನಿಲ್ಲಿಸಿದೆವು. ಪಕ್ಕದಲ್ಲಿ ಉಳಿದ ಸಂದಿಗೆ ಒಂದೊಂದು ಕಲ್ಲು ಕೊಟ್ಟು ಹಾರೆಯ ಹಿಂಬದಿಯಿಂದ ಗುದ್ದಿ ಬಿಗಿ ಮಾಡಿದೆ. ನಾನು ಕೂರಿಸಿದ್ದು ಹಾಗೆಲ್ಲ ಅಲುಗುವುದಿಲ್ಲ. ಆಮೇಲೆ ಕದ ತೆರೆದಿಟ್ಟು ಹೊಸ್ತಿಲ ಒಳಗೆ ನಿಂತುಕೊಂಡೆ, ಮನೆಯೊಡತಿ ನಿಲ್ಲುವ ಹಾಗೆ.

ಗಂಡ ಮೆಟ್ಟಿಲ ಕೆಳಗೆ ನಿಂತು ತಮಟೆ ಎತ್ತಿದ. ಬಡಿದ. ಸರ್ಕಾರಿ ಹುಕುಂ, ಅಕ್ಷರ ತಪ್ಪದ ಹಾಗೆ.

ಜನ ಸೇರಿದರು. ಚಹಾದವನು ಟ್ರೇ ಹಿಡಿದು ಬಂದ. ಹೊಸ್ತಿಲು ನೋಡಿದ, ನನ್ನನ್ನು ನೋಡಿದ, "ಅಕ್ಕಾ, ಸ್ವಲ್ಪ ಜಾಗ" ಎಂದು ದಾಟಿ ಒಳಗೆ ಹೋದ. ಅಷ್ಟೇ ಕೆಲಸ ಅದು. ಒಂದು ಕಾಲು ಎತ್ತಿ ಇಡುವುದು, ಇನ್ನೊಂದು ಕಾಲು ಎತ್ತಿ ಇಡುವುದು.

ದೊಡ್ಡ ಸಾಹೇಬರು ಕೋಣೆಯಿಂದ ಎದ್ದು ಬಂದು ನನ್ನಿಂದ ಮಾರು ದೂರದಲ್ಲಿ ನಿಂತರು.

"ಏನಿದು? ತೆಗೀರಿ ಇದನ್ನ! ಪೊಲೀಸರನ್ನ ಕರೀಬೇಕಾ?"

"ಕರೀರಿ ಸಾರ್. ನಮ್ಮ ಮನೆಗೆ ನೆಂಟರು ಬರೋದೇ ಅಪರೂಪ."

ಹೊರಗೆ ಯಾರೋ ನಕ್ಕರು. ದೊಡ್ಡ ಸಾಹೇಬರು ಜನರನ್ನು ನೋಡಿದರು. ಎತ್ತಿ ಹಿಡಿದ ಫೋನುಗಳನ್ನು ನೋಡಿದರು. ದನಿ ಮೆತ್ತಗಾಯಿತು.

"ನೋಡಮ್ಮ, ಏನೋ ತಪ್ಪಾಗಿದೆ. ಒಂದೇ ಕೋಣೆ ಅಂತ ಈಗ್ಲೇ ಬರೆದ್ಬಿಡ್ತೀನಿ. ಪೂರ್ತಿ ಮಾಫಿ. ಇದನ್ನ ತಗೊಂಡು ಮನೆಗೆ ಹೋಗಿ."

ತಮಟೆ ನಿಂತಿತು. ಗಂಡ ನನ್ನನ್ನೇ ನೋಡಿದ. ಹೂಂ ಅನ್ನು ಎಂದು ಅವನ ಕಣ್ಣು ಬೇಡುತ್ತಿತ್ತು. ಹೂಂ ಅಂದರೆ ಬಾಗಿಲು ಉಳಿಯುತ್ತದೆ. ಸಂಜೆಗೆ ಚಿಲಕ ಹಾಕಿಕೊಂಡು ಮೀಯಬಹುದು.

"ನೋಡದೆ ಹೆಂಗೆ ಬರೀತೀರಿ ಸಾರ್?" ಅಂದೆ.

"ಅಂದ್ರೆ?"

"ನೋಡದೆ ಬಂಗಲೆ ಅಂತ ಬರೆದ್ರಿ. ಈಗ ನೋಡದೆ ಒಂದೇ ಕೋಣೆ ಅಂತ ಬರೀತೀನಿ ಅಂತೀರಿ. ಹಂಗೆ ಕೊಡೋ ಮಾಫಿ ಬೇಡ ನನಗೆ. ನಮ್ಮನೆಗೆ ಬನ್ನಿ. ಹೊಸ್ತಿಲು ದಾಟಿ ಒಳಗೆ ಬನ್ನಿ. ನನ್ನ ಒಲೆ ನೋಡಿ, ನಮ್ಮತ್ತೆ ಮಂಚ ನೋಡಿ, ನಾನು ಮೀಯೋ ಜಾಗ ನೋಡಿ. ಆಮೇಲೆ ನಿಮಗೆ ಏನು ಕಾಣುತ್ತೋ ಅದನ್ನ ಬರೀರಿ. ಅಲ್ಲೀ ತನಕ ಬಾಗಿಲು ಇಲ್ಲೇ ಇರುತ್ತೆ. ಇವನು ಇಲ್ಲೇ ಬಡೀತಾನೆ."

ದೊಡ್ಡ ಸಾಹೇಬರು ಇನ್ನೊಂದು ಹೆಜ್ಜೆ ಹಿಂದೆ ಸರಿದರು.

ಅಷ್ಟರಲ್ಲಿ ಟೇಪು ಸಾಹೇಬರು ಸ್ಕೂಟರಿನಲ್ಲಿ ಬಂದಿಳಿದರು. ಕೈಯಲ್ಲಿ ಊಟದ ಡಬ್ಬಿ, ಸೊಂಟದಲ್ಲಿ ಟೇಪು. ಮೆಟ್ಟಿಲು ಹತ್ತಿ ಬಂದವರು ಸಿಂಹ ಕಂಡು ನಿಂತರು. ಜನ ಇಬ್ಭಾಗವಾಗಿ ದಾರಿ ಬಿಟ್ಟರು. ಈಗ ಅವರಿಗೂ ಅವರ ಕುರ್ಚಿಗೂ ನಡುವೆ ಇದ್ದದ್ದು ನಮ್ಮ ಹೊಸ್ತಿಲು ಒಂದೇ.

"ಬನ್ನಿ ಸಾರ್, ಒಳಗೆ ಬನ್ನಿ" ಅಂದೆ.

ಅವತ್ತು ಹೇಳಿದ ಮಾತೇ, ಅದೇ ದನಿಯಲ್ಲೇ. ಅವರು ಹೊಸ್ತಿಲು ನೋಡಿದರು. ನನ್ನ ಕಾಲು ನೋಡಿದರು. ಅವರ ಕಾಲು ಸ್ವಲ್ಪ ಮೇಲೆದ್ದಿತು, ಮತ್ತೆ ಕೆಳಗಿಳಿಯಿತು. ನೂರು ಜನ ನೋಡುತ್ತಿದ್ದರು. ಸಾಹೇಬರು ತಿರುಗಿ ಮೆಟ್ಟಿಲಿಳಿದು ಆಫೀಸಿನ ಪಕ್ಕದ ಓಣಿಗೆ ಹೋದರು.

ಹಿಂಬಾಗಿಲಿಗೆ ಹೊರಟರು ಎಂದು ಎಲ್ಲರಿಗೂ ಗೊತ್ತಾಯಿತು. ಎಲ್ಲರೂ ಹಿಂದೆಯೇ ಹೋದೆವು. ಹಿಂಬಾಗಿಲು ಎಲ್ಲಿದೆ? ಅಲ್ಲಿ ನಮ್ಮ ಗಲ್ಲಿಯ ಬಾಗಿಲುಗಳ ರಾಶಿ, ಆಳೆತ್ತರ. ಸಾಹೇಬರು ಒಂದು ತಗಡಿನ ಬಾಗಿಲನ್ನು ಎಳೆಯಲು ಕೈ ಚಾಚಿದರು. ಬಟ್ಟೆ ಒಗೆಯುವವಳು, "ಅದು ನಂದು" ಅಂದಳು. ಸಾಹೇಬರ ಕೈ ಹಿಂದೆ ಬಂತು.

ರಾಶಿಯ ಪಕ್ಕ ಒಂದು ಕಿಟಕಿ. ಸರಳಿಲ್ಲದ ಕಿಟಕಿ, ಎದೆಯೆತ್ತರ. ಸಾಹೇಬರು ಊಟದ ಡಬ್ಬಿಯನ್ನು ಒಳಗೆ ಇಟ್ಟರು. ಗೋಡೆಗೆ ಬೂಟು ಊರಿದರು. ಮಂಡಿನೋವಿನ ಮನುಷ್ಯ ಒಂದು ಮಂಡಿಯನ್ನು ಕಿಟಕಿಯ ಮೇಲೆ ಹಾಕಿದರು, ಇನ್ನೊಂದನ್ನು ಹಾಕಿದರು. ಹೊಟ್ಟೆ ಸಿಕ್ಕಿಕೊಂಡಿತು. ಸೊಂಟದ ಟೇಪು ಕಳಚಿ, ಸುರುಳಿ ಬಿಚ್ಚಿಕೊಂಡು ನೆಲದ ತನಕ ಜೋತಾಡಿತು.

ಯಾರೂ ನಗಲಿಲ್ಲ. ನನಗೂ ನಗು ಬರಲಿಲ್ಲ. ನಮ್ಮ ಹೊಸ್ತಿಲಿಗೆ ಇವರ ಲೆಕ್ಕದಲ್ಲಿ ಎಷ್ಟು ಬೆಲೆ ಎಂದು ಅವತ್ತು ಸರಿಯಾಗಿ ಗೊತ್ತಾಯಿತು.

ಗಂಡ ನನ್ನ ಪಕ್ಕ ನಿಂತು ನೋಡುತ್ತಿದ್ದ. ಅವನು ತಮಟೆಯ ಪಟ್ಟಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡ. ಕಿಟಕಿಯ ಕೆಳಗೆ ಹೋದ. ಅರ್ಧ ಒಳಗೆ ಅರ್ಧ ಹೊರಗೆ ಇದ್ದ ಸಾಹೇಬರ ಹಿಂದೆ ನೆಟ್ಟಗೆ ನಿಂತ. ಅವನ ಉದ್ಯೋಗದಲ್ಲಿ ಮೊದಲ ಸಲ, ಯಾರ ಹುಕುಮೂ ಇಲ್ಲದೆ, ಬಡಿಯತೊಡಗಿದ.